ಹೊಸ ರ‍್ಯಾಮ್ ಹಾಕಿದ ಮೇಲೆ ನೀಲಿ ಪರದೆ

ಕಂಪ್ಯೂಟರಿಗೆ ಹೊಸ ರ‍್ಯಾಮ್ (ಮೆಮೊರಿ) ಹಾಕಿದ ಮೇಲೆ ಕೆಲಸ ನಿಂತು ನೀಲಿ ಎರರ್ ಪರದೆ ಬರುತ್ತಿದೆ, ಏನು ಮಾಡಲಿ ಅಂತ ಕೇಳಿದ್ದೀರಿ. ಹಳೇ 8 ಜಿಬಿ ಡಿಡಿಆರ್4 (ರ‍್ಯಾಮಿನ ಒಂದು ಬಗೆ) ಜೊತೆ ಬೇರೆ ಕಂಪನಿಯ 8 ಜಿಬಿ ಹಾಕಿದ ಮೇಲೇ ನೀಲಿ ಪರದೆ ಶುರುವಾಗಿದ್ದರೆ, ಬಹುಶಃ ಎರಡಕ್ಕೂ ಹೊಂದುತ್ತಿಲ್ಲ, ಇಲ್ಲವೇ ಒಂದು ಕೆಟ್ಟಿದೆ. ಸುಮ್ನೆ ಮೂರನೆಯದು ಕೊಳ್ಳಬೇಡಿ.

ಮೊದಲು ಪ್ಲಗ್ ಕಿತ್ತು ಎರಡನ್ನೂ ತೆಗೆಯಿರಿ. ಮನೆ ದಾವಣಗೆರೆಯ ಮಂಡಕ್ಕಿ ಭಟ್ಟಿ ಹತ್ತಿರ ಅಂದಿದ್ದೀರಿ, ಧೂಳು ಮಸಿ ಒಳಗೂ ಕೂತಿರುತ್ತದೆ ಅಲ್ವಾ? ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಪೂರ್ತಿ ಒರೆಸಿ. ಲಾಕ್ ಟಕ್ ಅನ್ನುವವರೆಗೆ ಒತ್ತಿ ಕೂರಿಸಿ.

ಆಮೇಲೆ ಪೆನ್‌ಡ್ರೈವ್‌ಗೆ ಮೆಮ್‌ಟೆಸ್ಟ್86 (ರ‍್ಯಾಮ್ ಪರೀಕ್ಷಿಸುವ ಪ್ರೋಗ್ರಾಂ) ಹಾಕಿಕೊಂಡು, ಒಂದೇ ಸ್ಲಾಟಿನಲ್ಲಿ ಒಂದೊಂದನ್ನೇ ಇಟ್ಟು ರಾತ್ರಿಯಿಡೀ ಓಡಿಸಿ. ಒಂದೇ ಒಂದು ಎರರ್ ಬಂದರೂ ಆ ರ‍್ಯಾಮನ್ನು ನಂಬಬೇಡಿ. ಎರಡರಲ್ಲೂ ಬಂದರೆ ಸ್ಲಾಟ್ ಬದಲಿಸಿ ನೋಡಿ. ಬೇರೆಬೇರೆಯಾಗಿ ಸರಿಯಿದ್ದು ಜೋಡಿಯಾದಾಗ ಮಾತ್ರ ಎರರ್ ಬಂದರೆ, ಕಂಪ್ಯೂಟರ್ ಶುರುವಾಗುವಾಗ ತೆರೆಯುವ ಸೆಟ್ಟಿಂಗ್ ಪರದೆಯಾದ ಬಯೋಸ್‌ನಲ್ಲಿ ಎಕ್ಸ್‌ಎಂಪಿ (ರ‍್ಯಾಮನ್ನು ಹೆಚ್ಚು ವೇಗದಲ್ಲಿ ಓಡಿಸುವ ಸೆಟ್ಟಿಂಗ್) ಆಫ್ ಮಾಡಿ. ನನ್ನ ಸಿಸ್ಟಮ್ ಸರಿಹೋಗಿದ್ದು ಅಷ್ಟರಿಂದಲೇ. ಎಲ್ಲವೂ ಪಾಸಾದರೆ ಪವರ್ ಸಪ್ಲೈ ಅಥವಾ ಡ್ರೈವರ್ ತಪ್ಪೂ ಇರಬಹುದು.

ಕೊಳ್ಳಲೇಬೇಕಾದರೆ ಒಂದೇ ಪ್ಯಾಕಿನ 8+8 ಜೋಡಿ ಕೇಳಿ. ಮದರ್‌ಬೋರ್ಡ್ ಕಂಪನಿ ಕೊಡುವ, ಹೊಂದುವ ರ‍್ಯಾಮ್‌ಗಳ ಪಟ್ಟಿಯಲ್ಲಿ ಆ ಮಾಡೆಲ್ ಇದ್ದರೆ ಇನ್ನೂ ಒಳ್ಳೆಯದು. ಡಿಡಿಆರ್5 ಜಾಸ್ತಿ ಫಾಸ್ಟ್ ಅಂದರೂ ಬೇಡ, ಅದರ ಅಂಚಿನ ಕಚ್ಚು ಬೇರೆ ಕಡೆ ಇರುತ್ತದೆ, ನಿಮ್ಮ ಬೋರ್ಡಿನಲ್ಲಿ ಕೂರುವುದೇ ಇಲ್ಲ. ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿಕೊಳ್ಳಿ.