998 ಸಿಸಿ ಪೆಟ್ರೋಲ್ ಎಂಜಿನ್: ಆ ಅಂಕಿಗಳ ಅರ್ಥವೇನು, ಕಾಡುವ ತೊಂದರೆಗಳು ಯಾವುವು?

ನೀವು ಕೇಳಿರುವುದು ಇಷ್ಟು: 80 ಸಾವಿರ ಕಿಲೋಮೀಟರ್ ಓಡಿರುವ ಮೂರು ಸಿಲಿಂಡರ್ ಪೆಟ್ರೋಲ್ ಕಾರೊಂದನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಳ್ಳಬೇಕೆಂದಿದ್ದೀರಿ. ಪುಸ್ತಕದಲ್ಲಿ 998 ಸಿಸಿ, 6200 ಆರ್‌ಪಿಎಂನಲ್ಲಿ (ನಿಮಿಷಕ್ಕೆ ಅಷ್ಟು ಸುತ್ತು) 68 ಪಿಎಸ್ ಶಕ್ತಿ, 3500ರಲ್ಲಿ 90 ಎನ್‌ಎಂ ಟಾರ್ಕ್ (ತಿರುಗಿಸುವ ಬಲ), ಕಂಪ್ರೆಷನ್ 10:1 ಎಂದಿದೆ. ಇವುಗಳಿಂದ ಏನು ತಿಳಿಯಬೇಕು, ಇಂಥ ಎಂಜಿನ್‌ಗೆ ಸಾಮಾನ್ಯವಾಗಿ ಏನೇನು ಆಗುತ್ತದೆ ಎಂಬುದು ಪ್ರಶ್ನೆ.

ಹನ್ನೊಂದು ವರ್ಷದಿಂದ ಎಂಜಿನ್ ಬಿಚ್ಚಿ ಜೋಡಿಸುವುದೇ ನನ್ನ ಕೆಲಸ. ಕೈಗೆ ಬರುವುದರಲ್ಲಿ ಹೆಚ್ಚಿನವು ಸಣ್ಣ ಪೆಟ್ರೋಲ್ ಎಂಜಿನ್‌ಗಳೇ. ನನ್ನ ಮಟ್ಟಿಗೆ ನಿಮ್ಮ ಪ್ರಶ್ನೆಯ ಎರಡು ಭಾಗಗಳೂ ಒಂದೇ. ಎಂಜಿನ್‌ಗೆ ಮುಂದೆ ಯಾವ ಕಾಯಿಲೆ ಬರಬಹುದು ಎಂಬುದರ ಸುಳಿವು ಅದರ ಅಂಕಿಗಳಲ್ಲೇ ಇರುತ್ತದೆ. ಆದರೆ ಎಲ್ಲಕ್ಕಿಂತ ಮುಖ್ಯವಾದ ಅಂಕಿಯನ್ನು ಯಾವ ಜಾಹೀರಾತೂ ಹೇಳುವುದಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ನೀವು ಬರೆದ ಅಂಕಿಗಳು ಸುಝುಕಿಯ ಕೆ10ಬಿ ಎಂಜಿನ್‌ನವು. ಅದರ ಬೋರ್, ಅಂದರೆ ಸಿಲಿಂಡರಿನ ಅಗಲ, 73 ಮಿ.ಮೀ.; ಸ್ಟ್ರೋಕ್, ಅಂದರೆ ಪಿಸ್ಟನ್ ಓಡುವ ದೂರ, 79.5 ಮಿ.ಮೀ. ಲೆಕ್ಕ ಹಾಕಿದರೆ ಒಂದು ಸಿಲಿಂಡರಿಗೆ ಸುಮಾರು 333 ಸಿಸಿ, ಮೂರಕ್ಕೆ 998. ಹೆಚ್ಚುಕಡಿಮೆ ಅದೇ ಗಾತ್ರದ ಟೊಯೊಟಾ 1ಕೆಆರ್-ಎಫ್ಇಯಲ್ಲಿ ಬೋರ್ 71, ಸ್ಟ್ರೋಕ್ ಸುಮಾರು 84. ಎರಡರಲ್ಲೂ ಅಗಲಕ್ಕಿಂತ ಓಟ ಉದ್ದ. ಹೀಗಿದ್ದಾಗ ಉರಿಯುವ ಜಾಗ ಕಿರಿದಾಗಿ, ಒತ್ತಾಗಿ ಇರುತ್ತದೆ. ಗೋಡೆಗೆ ಸೋರಿಹೋಗುವ ಶಾಖ ಕಡಿಮೆ, ಹಾಗಾಗಿ ಮೈಲೇಜ್ ಚೆನ್ನಾಗಿರುತ್ತದೆ.

ಇನ್ನು 68 ಪಿಎಸ್. ಇದನ್ನು ನೋಡಿ ಕಾರು ಕೊಂಡವರು "ಪಿಕಪ್ಪೇ ಇಲ್ಲ" ಎಂದು ನನ್ನ ಹತ್ತಿರ ಬರುತ್ತಾರೆ. ಟಾರ್ಕ್ ಅನ್ನು ಆರ್‌ಪಿಎಂನಿಂದ ಗುಣಿಸಿ 9549ರಿಂದ ಭಾಗಿಸಿದರೆ ಕಿಲೋವ್ಯಾಟ್ ಸಿಗುತ್ತದೆ. 90 ಎನ್‌ಎಂ ಅನ್ನು 3500ರಲ್ಲಿ ಹಾಕಿ ನೋಡಿ: 33 ಕಿಲೋವ್ಯಾಟ್, ಅಂದರೆ ಸುಮಾರು 45 ಪಿಎಸ್. ಟಾರ್ಕ್ ಅತಿ ಹೆಚ್ಚು ಇರುವ ಕಡೆಯೂ ನಿಮಗೆ ಸಿಗುವುದು ಇಷ್ಟೇ. ಮಿಕ್ಕ 23 ಬೇಕಾದರೆ 6200ರವರೆಗೆ ಏರಿಸಲೇಬೇಕು. ಸಣ್ಣ ಎಂಜಿನ್ ಅನ್ನು ಗೇರ್ ಇಳಿಸಿ ಏರಿಸಿ ಓಡಿಸುವುದು ಅದಕ್ಕೆ ಕೊಡುವ ಹಿಂಸೆಯಲ್ಲ. 6200ರಲ್ಲೂ ಈ ಪಿಸ್ಟನ್‌ನ ಸರಾಸರಿ ವೇಗ ಸೆಕೆಂಡಿಗೆ ಸುಮಾರು 16 ಮೀಟರ್. ಇದನ್ನು ತಾಳುವಂತೆಯೇ ಎಂಜಿನ್ ಮಾಡಿರುತ್ತಾರೆ. ಹಿಂಸೆ ಯಾವುದೆಂದರೆ, ಪೆಟ್ರೋಲ್ ಉಳಿಸಲು ಟಾಪ್ ಗೇರ್‌ನಲ್ಲಿ 1200 ಆರ್‌ಪಿಎಂಗೆ ಇಳಿಸಿ, ಏರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿಯುವುದು. ಆಗ ಕೇಳುವ ಟಕಟಕ ಸದ್ದು ನಾಕಿಂಗ್‌ನದು, ಅಂದರೆ ಒಳಗಿನ ಪೆಟ್ರೋಲ್ ಹದವಾಗಿ ಉರಿಯದೆ ತಾನಾಗಿ ಸಿಡಿಯುವುದು. ಅದು ಪಿಸ್ಟನ್ನಿನ ತಲೆಯನ್ನೂ ಅದರ ಸುತ್ತ ಬಿಗಿಯಾಗಿ ಕೂತಿರುವ ರಿಂಗ್‌ಗಳನ್ನೂ ತಿನ್ನುತ್ತದೆ.

ನಾಕಿಂಗ್‌ಗೂ 10:1ಕ್ಕೂ ನೇರ ಸಂಬಂಧವಿದೆ. ಪಿಸ್ಟನ್ ಮೇಲೆ ಬಂದಾಗ ಉಳಿಯುವ ಜಾಗ 37 ಸಿಸಿ. ಪಿಸ್ಟನ್ ಕೆಳಗಿದ್ದಾಗ 333 ಮತ್ತು ಆ 37 ಸೇರಿ 370 ಸಿಸಿ ಇರುವ ಗಾಳಿ ಮತ್ತು ಪೆಟ್ರೋಲನ್ನು ಅಷ್ಟಕ್ಕೆ ಒತ್ತಿದರೆ ಹತ್ತಕ್ಕೆ ಒಂದು. ಆ 37ರಲ್ಲಿ ವರ್ಷಗಟ್ಟಲೆ ಕಾರ್ಬನ್ ಕೂತು 3 ಸಿಸಿ ತುಂಬಿತು ಅಂದುಕೊಳ್ಳಿ. ಉಳಿಯುವುದು 34, ಕಂಪ್ರೆಷನ್ 10.8ಕ್ಕೆ ಏರಿತು. ಹಿಂದೆ ಯಾವ ಪೆಟ್ರೋಲಿನಲ್ಲಿ ಸುಮ್ಮನಿತ್ತೋ ಅದೇ ಪೆಟ್ರೋಲಿನಲ್ಲಿ ಈಗ ಬಡಿಯತೊಡಗುತ್ತದೆ. ದೊಡ್ಡ ಎಂಜಿನ್‌ನಲ್ಲಿ 3 ಸಿಸಿ ಅಷ್ಟಾಗಿ ಲೆಕ್ಕಕ್ಕಿಲ್ಲ, ಇದರಲ್ಲಿ ಇದೆ. ಸಣ್ಣ ಎಂಜಿನ್‌ನಲ್ಲಿ ಸಣ್ಣ ತಪ್ಪೂ ದೊಡ್ಡದಾಗುತ್ತದೆ; ಈ ಮಾತು ಇನ್ನೂ ಎರಡು ಸಲ ಬರುತ್ತದೆ.

ಮೂರು ಸಿಲಿಂಡರ್ ಎಂಬುದರಿಂದ ಬರುವುದು ನಡುಕ. ನಾಲ್ಕು ಸಿಲಿಂಡರಿನಲ್ಲಿ ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ದಂಡ) 180 ಡಿಗ್ರಿ ತಿರುಗಿದಾಗಲೆಲ್ಲ ಒಂದು ಫೈರಿಂಗ್, ಮೂರರಲ್ಲಿ 240 ಡಿಗ್ರಿಗೆ ಒಂದು. ಜೊತೆಗೆ ಒಂದು ತುದಿ ಮೇಲೆದ್ದಾಗ ಇನ್ನೊಂದು ಕೆಳಗಿಳಿಯುವ ತೂಗಾಟ ಇದರ ಹುಟ್ಟುಗುಣ. ಅದನ್ನು ನುಂಗುವುದು ಎಂಜಿನ್ ಹಿಡಿದಿರುವ ರಬ್ಬರ್ ಮೌಂಟಿಂಗ್‌ಗಳ ಕೆಲಸ. ರಬ್ಬರ್ ಗಟ್ಟಿಯಾದರೆ ಅಥವಾ ಹರಿದರೆ ಐಡ್ಲಿಂಗ್‌ನಲ್ಲಿ ಸ್ಟೀರಿಂಗ್, ಸೀಟು, ಕನ್ನಡಿ ಎಲ್ಲವೂ ಅದುರುತ್ತವೆ. ಎಂಜಿನ್ನೇ ಹೋಯಿತು ಎಂದು ಹೆದರುವವರು ಬಹಳ. 80 ಸಾವಿರ ಓಡಿದ ಕಾರಿನಲ್ಲಿ ಮೊದಲು ಅನುಮಾನಿಸಬೇಕಾದ್ದು ಮೌಂಟಿಂಗ್. ಸುಲಭದ ಕೆಲಸ.

ಈಗ ಆ ಮುಖ್ಯವಾದ ಅಂಕಿ: ಮೂರು ಲೀಟರ್. ಇಂಥ ಎಂಜಿನ್ ಹಿಡಿಸುವ ಆಯಿಲ್ ಹೆಚ್ಚೂಕಡಿಮೆ ಅಷ್ಟೇ. ಸಾವಿರ ಕಿಲೋಮೀಟರಿಗೆ 300 ಮಿಲಿಲೀಟರ್ ಆಯಿಲ್ ಕುಡಿಯುವ ಎಂಜಿನ್‌ನಿಂದ ಹೊಗೆ ಕೂಡ ಕಾಣಿಸಲಿಕ್ಕಿಲ್ಲ, ಓಡಿಸುವವರಿಗೆ ಏನೂ ಗೊತ್ತಾಗಲಿಕ್ಕಿಲ್ಲ. ಐದು ಸಾವಿರ ಕಿಲೋಮೀಟರ್ ಆಗುವಷ್ಟರಲ್ಲಿ ಒಂದೂವರೆ ಲೀಟರ್ ಹೋಗಿರುತ್ತದೆ, ಅಂದರೆ ಅರ್ಧ. ಉಳಿದ ಅರ್ಧ ಇಡೀ ಎಂಜಿನ್‌ನ ಶಾಖ, ಮಸಿ, ಲೋಹದ ಪುಡಿ ಎಲ್ಲವನ್ನೂ ಹೊರಬೇಕು. ತಿರುವಿನಲ್ಲಿ ಆಯಿಲ್ ಪಕ್ಕಕ್ಕೆ ಸರಿದಾಗ ಪಂಪು ಗಾಳಿ ಎಳೆದರೆ ಬೇರಿಂಗ್ ಸವೆಯುತ್ತದೆ. ಇನ್ನೊಂದು ಮಾತು, ಅನೇಕ ಕಾರುಗಳಲ್ಲಿ ಆಯಿಲ್‌ನ ಕೆಂಪು ದೀಪ ತೋರಿಸುವುದು ಮಟ್ಟವನ್ನಲ್ಲ, ಒತ್ತಡವನ್ನು. ಅದು ಉರಿಯುವ ಹೊತ್ತಿಗೆ ಎಂಜಿನ್ ಒಳಗೆ ಒಣಗಿರುತ್ತದೆ. ಉರಿದ ಕೂಡಲೇ ಎಂಜಿನ್ ಆಫ್ ಮಾಡಬೇಕು; ಇನ್ನೊಂದೇ ಕಿಲೋಮೀಟರ್ ಎಂದು ಓಡಿಸಿದವರ ಎಂಜಿನ್ ಸೀಜ್ ಆಗಿ ಬಂದಿರುವುದನ್ನು ನಾನು ಬಿಚ್ಚಿದ್ದೇನೆ. ವಾರಕ್ಕೊಮ್ಮೆ ಬೆಳಗ್ಗೆ, ಸಮತಟ್ಟಾದ ಜಾಗದಲ್ಲಿ, ಡಿಪ್‌ಸ್ಟಿಕ್ ಎಳೆದು ನೋಡುವುದಕ್ಕೆ ಒಂದು ನಿಮಿಷ ಸಾಕು. ದಯವಿಟ್ಟು ಮಾಡಿ.

ಎರಡು ಮೂರು ಕಿಲೋಮೀಟರ್ ಓಡಿಸಿ ನಿಲ್ಲಿಸುವ ಕಾರಿನಲ್ಲಿ ಆಯಿಲ್ ಬೇರೆ ರೀತಿ ಕೆಡುತ್ತದೆ. ಎಂಜಿನ್ ಪೂರ್ತಿ ಬಿಸಿಯಾಗದ ಕಾರಣ ಒಳಗಿನ ನೀರಿನ ಹಬೆ, ಸುಡದೆ ಇಳಿದ ಪೆಟ್ರೋಲ್ ಎರಡೂ ಆಯಿಲ್‌ನಲ್ಲೇ ಉಳಿಯುತ್ತವೆ. ಆಯಿಲ್ ಹಾಕುವ ಮುಚ್ಚಳದ ಒಳಭಾಗದಲ್ಲಿ ಬೆಣ್ಣೆಯಂಥ ಕೆನೆ ಕಂಡರೆ ಇದೂ ಕಾರಣವಿರಬಹುದು. ಮೀಟರಿನಲ್ಲಿ ಕಡಿಮೆ ಕಿಲೋಮೀಟರ್ ಇದ್ದರೂ ಇಂಥ ಕಾರಿಗೆ ವರ್ಷಕ್ಕೊಮ್ಮೆ ಆಯಿಲ್ ಬದಲಿಸಲೇಬೇಕು.

ಕ್ರ್ಯಾಂಕನ್ನೂ ವಾಲ್ವ್ ತೆರೆಯುವ ಕ್ಯಾಮ್ ದಂಡವನ್ನೂ ಜೊತೆಯಾಗಿ ತಿರುಗಿಸುವ ಟೈಮಿಂಗ್ ಚೈನ್‌ನ ಕಥೆಯೂ ಆಯಿಲ್‌ನದೇ ಕಥೆ. ಕೆ10ಬಿ, 1ಕೆಆರ್ ಎರಡರಲ್ಲೂ ಚೈನ್ ಇದೆ. "ಚೈನ್ ಜೀವನಪರ್ಯಂತ ಬರುತ್ತದೆ" ಎನ್ನುವುದನ್ನು ಅರ್ಧ ನಂಬಿ. ಅದನ್ನು ಬಿಗಿಯಾಗಿಡುವ ಟೆನ್ಷನರ್ ಆಯಿಲ್ ಒತ್ತಡದಿಂದಲೇ ಕೆಲಸ ಮಾಡುತ್ತದೆ. ಕೊಳಕು ಆಯಿಲ್‌ನಲ್ಲಿ ಚೈನ್‌ನ ಕೊಂಡಿಗಳು ಸವೆದು ಚೈನ್ ಉದ್ದವಾಗುತ್ತದೆ. ಬೆಳಗಿನ ಮೊದಲ ಸ್ಟಾರ್ಟ್‌ನಲ್ಲಿ ಎರಡು ಸೆಕೆಂಡು ಗರಗರ ಎಂದು ಆಮೇಲೆ ನಿಂತರೆ ಅದು ಚೈನ್‌ನ ಮಾತು. ದೋಷದ ಕೋಡ್ ಓದುವ ಸ್ಕ್ಯಾನರ್‌ನಲ್ಲಿ ಪಿ0016 ಬಂದರೆ ಕ್ರ್ಯಾಂಕ್ ಮತ್ತು ಕ್ಯಾಮ್ ತಾಳ ತಪ್ಪಿವೆ ಎಂದರ್ಥ, ಚೈನ್ ನೋಡಲೇಬೇಕು. ಫೋರ್ಡ್‌ನ 1.0 ಇಕೋಬೂಸ್ಟ್ 2012ರಲ್ಲಿ ಬಂದಾಗ ಆಯಿಲ್‌ನಲ್ಲೇ ಮುಳುಗಿ ಓಡುವ ಬೆಲ್ಟ್ ಇತ್ತು. ಅಂಥ ವಿನ್ಯಾಸದಲ್ಲಿ ತಪ್ಪು ದರ್ಜೆಯ ಆಯಿಲ್ ಹಾಕಿದರೆ ಬೆಲ್ಟ್ ಉದುರಿ, ಆ ಚೂರುಗಳು ಆಯಿಲ್ ಪಂಪಿನ ಜಾಲರಿಗೆ ಕಟ್ಟಿಕೊಳ್ಳುತ್ತವೆ. ಹಾಗಾಗಿ ಯಾವ ಕಾರೇ ಆಗಲಿ, ಪುಸ್ತಕದಲ್ಲಿರುವ ದರ್ಜೆಯ ಆಯಿಲ್ ಮಾತ್ರ.

ಎಂಜಿನ್ ತಂಪಾಗಿಡುವ ದ್ರವ, ಅಂದರೆ ಕೂಲಂಟ್ ವಿಷಯ ನಾನು ಸ್ವಂತ ನಷ್ಟದಿಂದ ಕಲಿತದ್ದು. ಕೆಲಸಕ್ಕೆ ಸೇರಿದ ಹೊಸದರಲ್ಲಿ ನನ್ನದೇ ಹಳೆಯ ಸಣ್ಣ ಕಾರಿನಲ್ಲಿ ತಿಂಗಳಿಗೊಮ್ಮೆ ಮಟ್ಟ ಇಳಿಯುತ್ತಿತ್ತು. ಬರೀ ನೀರು ತುಂಬಿಸಿ ಓಡಿಸುತ್ತಿದ್ದೆ. ಸೋರಿಕೆ ಎಲ್ಲಿ ಎಂದು ಹುಡುಕಲಿಲ್ಲ. ಒಂದು ದಿನ ಉದ್ದದ ಏರಿನಲ್ಲಿ ಎಂಜಿನ್ ಬಿಸಿ ತೋರಿಸುವ ಮುಳ್ಳು ಕೆಂಪಿಗೆ ಹೋಯಿತು. ತುದಿ ಮುಟ್ಟಿ ನಿಲ್ಲಿಸೋಣ ಎಂದುಕೊಂಡೆ. ಆ ಐದು ನಿಮಿಷಕ್ಕೆ ಹೆಡ್ (ಸಿಲಿಂಡರ್‌ಗಳ ಮೇಲಿನ ಅಲ್ಯೂಮಿನಿಯಂ ಮುಚ್ಚಳ) ಬೆಂಡ್ ಆಗಿ, ಅದರ ಕೆಳಗಿನ ಗ್ಯಾಸ್ಕೆಟ್ ಹೋಗಿತ್ತು. ಅಲ್ಯೂಮಿನಿಯಂ ಬಿಸಿಗೆ ಕಬ್ಬಿಣದ ಸುಮಾರು ಎರಡರಷ್ಟು ಹಿಗ್ಗುತ್ತದೆ, ಹೆಡ್‌ಗೆ ಸಾಮಾನ್ಯವಾಗಿ ಬಿಟ್ಟಿರುವ ಬಾಗು ಮಾತ್ರ 0.05 ಮಿ.ಮೀ. ಒಂದು ಎಳೆ ಕೂದಲಿಗಿಂತ ಹೆಚ್ಚಿಲ್ಲ.

ಅರ್ಧ ಗ್ಲೈಕಾಲ್, ಅರ್ಧ ನೀರು ಬೆರೆಸಿದ ಕೂಲಂಟ್ ತೆರೆದ ಪಾತ್ರೆಯಲ್ಲಿ ಸುಮಾರು 107 ಡಿಗ್ರಿಗೆ ಕುದಿಯುತ್ತದೆ. ರೇಡಿಯೇಟರ್ ಕ್ಯಾಪ್ ಒತ್ತಡ ಹಿಡಿದಿಟ್ಟುಕೊಂಡು ಅದನ್ನು 120 ದಾಟಿಸುತ್ತದೆ. ಕ್ಯಾಪ್‌ನ ರಬ್ಬರ್ ಸಡಿಲವಾದರೆ ಆ ರಕ್ಷಣೆಯೇ ಹೋಯಿತು. ಬರೀ ನೀರಾದರೆ ಒಳಗೆ ತುಕ್ಕು, ವಾಟರ್ ಪಂಪಿನ ಸೀಲ್ ಹಾಳು. ಸಣ್ಣ ಎಂಜಿನ್‌ನಲ್ಲಿ ಒಟ್ಟು ಕೂಲಂಟ್ ಕೂಡ ಕಡಿಮೆ. ಅರ್ಧ ಲೀಟರ್ ಹೋದರೂ ದೊಡ್ಡ ಪಾಲು ಹೋದಂತೆ. ಮಟ್ಟ ಇಳಿಯುತ್ತಿದೆ ಎಂದರೆ ಎಲ್ಲೋ ಹೋಗುತ್ತಿದೆ. ಹುಡುಕಿ.

ಮಿಸ್ಸಿಂಗ್, ಅಂದರೆ ಒಂದು ಸಿಲಿಂಡರ್ ಉರಿಯದೆ ಬಿಡುವುದು, ಇನ್ನೊಂದು ಸಾಮಾನ್ಯ ತೊಂದರೆ. ನಾಲ್ಕರಲ್ಲಿ ಒಂದು ಸಿಲಿಂಡರ್ ಕೈಕೊಟ್ಟರೆ ಕಾಲು ಭಾಗ ಹೋಗುತ್ತದೆ. ಇಲ್ಲಿ ಮೂರನೇ ಒಂದು ಭಾಗ. ಕಾರು ಎಳೆಯುವುದೇ ಇಲ್ಲ, ಮೈಯೆಲ್ಲ ಕುಲುಕುತ್ತದೆ. ಕೋಡ್ ಪಿ0301 ಬಂದರೆ ಮೊದಲ ಸಿಲಿಂಡರ್, ಪಿ0302 ಎರಡನೆಯದು, ಹೀಗೆ. ಪ್ರತಿ ಸಿಲಿಂಡರಿಗೂ ಬೇರೆ ಇಗ್ನಿಷನ್ ಕಾಯಿಲ್ ಇದ್ದರೆ ಪರೀಕ್ಷೆ ಸುಲಭ: ಒಂದರ ಕಾಯಿಲ್ ಬಿಚ್ಚಿ ಇನ್ನೊಂದಕ್ಕೆ ಹಾಕಿ, ಕೋಡ್ ಜೊತೆಗೇ ಹೋದರೆ ಕಾಯಿಲ್ ಕೆಟ್ಟಿದೆ. ಹೋಗದಿದ್ದರೆ ಪ್ಲಗ್, ಆಮೇಲೆ ಇಂಜೆಕ್ಟರ್. ಸಾಧಾರಣ ನಿಕ್ಕಲ್ ಪ್ಲಗ್ 30–40 ಸಾವಿರ ಕಿಲೋಮೀಟರಿಗೆ ಸವೆಯುತ್ತದೆ. ಚೆಕ್ ಎಂಜಿನ್ ದೀಪ ಮಿನುಗುತ್ತಿದ್ದರೆ ಓಡಿಸಬೇಡಿ. ಉರಿಯದ ಪೆಟ್ರೋಲ್ ಹೊಗೆ ಶುದ್ಧ ಮಾಡುವ ಕೆಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅಲ್ಲಿ ಉರಿದು ಅದನ್ನೇ ಕರಗಿಸುತ್ತದೆ. ಪ್ಲಗ್ ಬದಲಿಸಿದರೆ ಮುಗಿಯುತ್ತಿದ್ದದ್ದು ಕನ್ವರ್ಟರ್ ಬದಲಿಸುವ ಕೆಲಸವಾಗುತ್ತದೆ.

ಐಡ್ಲಿಂಗ್ ಏರಿಳಿದರೆ, ಸಿಗ್ನಲ್‌ನಲ್ಲಿ ನಿಂತಾಗ ಆಫ್ ಆದರೆ ಎಂಜಿನ್‌ಗೆ ಗಾಳಿ ಬಿಡುವ ಥ್ರಾಟಲ್ ಬಾಡಿಯ ಮಸಿ ತೆಗೆಸಿ. ಹೆಚ್ಚಿನ ಸಲ ಅಷ್ಟೇ ಸಾಕು.

ಕೊಳ್ಳುವ ಮೊದಲು ಹೀಗೆ ಮಾಡಿ. ಎಂಜಿನ್ ತಣ್ಣಗಿರುವಾಗ ಬರುತ್ತೇನೆ, ಅದಕ್ಕೆ ಮುಂಚೆ ಸ್ಟಾರ್ಟ್ ಮಾಡಬೇಡಿ ಎಂದು ಮಾರುವವರಿಗೆ ಮೊದಲೇ ಹೇಳಿಡಿ. ಹೋದ ಮೇಲೆ ಬಾನೆಟ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಇನ್ನೊಂದು ದಿನ ಬರುವುದೇ ಒಳ್ಳೆಯದು, ಯಾಕೆಂದರೆ ಚೈನ್‌ನ ಸದ್ದು, ಟ್ಯಾಪೆಟ್ ಸದ್ದು, ಮೊದಲ ಹೊಗೆ ಮೂರೂ ತಣ್ಣನೆಯ ಎಂಜಿನ್‌ನಲ್ಲಿ ಮಾತ್ರ ಸಿಗುತ್ತವೆ. ಸ್ಟಾರ್ಟ್ ಮಾಡಿದಾಗ ನೀಲಿ ಹೊಗೆ ಒಂದು ಸಲ ಬಂದು ನಿಂತರೆ ವಾಲ್ವ್ ಸೀಲ್. ಆಕ್ಸಿಲರೇಟರ್ ಕೊಟ್ಟಾಗಲೆಲ್ಲ ಬಂದರೆ ರಿಂಗ್, ಅದು ದೊಡ್ಡ ಕೆಲಸ. ಬಿಸಿಯಾದ ಮೇಲೂ ಸಿಹಿ ವಾಸನೆಯ ಬಿಳಿ ಹೊಗೆ ನಿಲ್ಲದಿದ್ದರೆ ಕೂಲಂಟ್ ಉರಿಯುತ್ತಿದೆ.

ಇಷ್ಟರಲ್ಲಿ ಪಾಸಾದರೆ ಪ್ರತಿ ಸಿಲಿಂಡರಿನ ಒತ್ತಡ ಅಳೆಯುವ ಕಂಪ್ರೆಷನ್ ಟೆಸ್ಟ್ ಮಾಡಿಸಿ. ಮೂರೇ ಪ್ಲಗ್ ಬಿಚ್ಚಬೇಕು, ಅರ್ಧ ಗಂಟೆಯ ಕೆಲಸ. 10:1 ಎಂಜಿನ್‌ನಲ್ಲಿ ಸಾಮಾನ್ಯವಾಗಿ 12ರಿಂದ 14 ಬಾರ್ ಬರುತ್ತದೆ. ಅದಕ್ಕಿಂತ ಮುಖ್ಯ, ಮೂರೂ ಒಂದಕ್ಕೊಂದು ಹತ್ತಿರ ಇರಬೇಕು. ಒಂದು ಮಾತ್ರ ಉಳಿದವಕ್ಕಿಂತ ಶೇಕಡಾ ಹತ್ತಕ್ಕೂ ಹೆಚ್ಚು ಕಡಿಮೆ ಇದ್ದರೆ ಅದರ ಪ್ಲಗ್ ತೂತಿನಿಂದ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆಯಲು ಹೇಳಿ. ಒತ್ತಡ ಏರಿದರೆ ರಿಂಗ್ ಸವೆದಿದೆ, ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್. ಎರಡರಲ್ಲಿ ಯಾವುದಾದರೂ ಆ ಕಾರನ್ನು ಬಿಟ್ಟುಬಿಡಿ. ಮೂರೂ ಸಮನಾಗಿದ್ದು, ಆಯಿಲ್ ಬದಲಿಸಿದ ಬಿಲ್‌ಗಳು ವರ್ಷವಾರು ಇದ್ದರೆ 80 ಸಾವಿರ ಎಂಬುದಕ್ಕೆ ಹೆದರಬೇಡಿ, ತೆಗೆದುಕೊಳ್ಳಿ.