ಸೂಟಿಗೆ ಹೇಳಿಟ್ಟು ಮಕ್ಕಳನ್ನ ಕಳಸಲಿಲ್ಲಂದ್ರ ರೊಕ್ಕ ಕೇಳಬೇಕೋ ಬ್ಯಾಡೋ?

ಪ್ರಶ್ನೆ: ನಾನು ಬೆಳಗಾವಿ ಟಿಳಕವಾಡಿಯಾಗ ಮನ್ಯಾಗ ಮಕ್ಕಳನ್ನ ನೋಡ್ಕೊಳ್ತೀನ್ರಿ. ದಿನಾ ಸಾಲಿ ಬಿಟ್ಟ ಮ್ಯಾಲೆ ಸಂಜಿ ತನಕ, ಸೂಟಿ ಇದ್ದಾಗ ಬೆಳಿಗ್ಗೆ 9ರಿಂದ ಸಂಜಿ 6ರ ತನಕ, ದಿನಕ್ಕ 300 ರೂಪಾಯಿ, ಊಟ ನಂದ. 2025ರ ದಸರಾ ಸೂಟಿಗೆ ಆರು ಮಕ್ಕಳ ಮನಿಯವ್ರು ಹೇಳಿಟ್ಟಿದ್ರು, ಅದನ್ನ ನಂಬಿ ಆಮ್ಯಾಲೆ ಕೇಳಾಕ ಬಂದವ್ರಿಗೆ ಜಾಗಾ ಇಲ್ಲ ಅಂತ ಕಳಿಸಿದೆ, ಸಹಾಯಕ್ಕ ಒಬ್ಬಾಕಿನ್ನ ಇಟ್ಕೊಂಡೆ. ಸೋಮವಾರ ಆರು ಮಂದಿ ಲೆಕ್ಕದಾಗ ಇಡ್ಲಿ ಹಿಟ್ಟು ರುಬ್ಬಿಟ್ಟು ಕುಂತೀನಿ, ಬಾಗಲದಾಗ ಬರೇ ಎರಡು ಜೋಡಿ ಸಣ್ಣ ಚಪ್ಪಲ್. ಫೋನ್ ಮಾಡಿದ್ರ ಅಜ್ಜಿ ಊರಿಗೆ ಬಂದೀವಿ ಅಂತಾರ, ಇನ್ನೊಬ್ರು ಮುಂದಿನ ವಾರಕ್ಕ ಬದಲಿ ಮಾಡ್ರಿ ಅಂತಾರ. ರೊಕ್ಕ ಕೇಳಿದ್ರ "ಹುಡುಗ ಬಂದೇ ಇಲ್ಲಲ್ರಿ, ಎದರ ರೊಕ್ಕ?" ಅಂದ್ರು. ನಾ ಕೇಳೋದು ತಪ್ಪಾ?
— ಒಬ್ಬ ಓದುಗರು, ಬೆಳಗಾವಿ

ಉತ್ತರ: ತಪ್ಪಲ್ಲ ಅಕ್ಕಾ, ಕೇಳ್ರಿ. ಅವ್ರು ಹಿಡಿದಿಟ್ಟಿದ್ದು ನಿಮ್ಮ ಮನ್ಯಾಗಿನ ಒಂದು ಜಾಗಾ, ಅದರ ಸಲುವಾಗಿ ನೀವು ಬ್ಯಾರೆಯವ್ರನ್ನ ವಾಪಸ್ ಕಳಸೀರಿ, ಹುಡುಗ ಬಂದ್ರೂ ಬರದಿದ್ರೂ ಸಹಾಯದಾಕಿಗೆ ಪಗಾರ ಕೊಡೋದು ಇದ್ದ ಐತಿ. ನಾನೂ ನಾಕ ವರ್ಷ ನಮ್ಮ ಓಣಿ ಕಾಕೂ ಮನ್ಯಾಗ ಮಗಳನ್ನ ಬಿಟ್ಟು ನೌಕರಿಗೆ ಹೋದಾಕಿ, ಎಷ್ಟೋ ಸಲ ಬೆಳಿಗ್ಗೆ ಎದ್ದು ಇವತ್ತ ಕಳಸೂದಿಲ್ಲ ಅಂತ ಹೇಳಿ ಆ ದಿನದ ರೊಕ್ಕ ಕೊಟ್ಟಿಲ್ಲ, ಆಕಿ ಒಂದು ಮಾತೂ ಆಡಲಿಲ್ಲ, ನಿಮ್ಮ ಪತ್ರ ಓದಿ ಅದು ಈಗ ಚುಚ್ಚಾಕತ್ತೇತಿ.

ಇಂಗ್ಲೆಂಡ್‌ದಾಗ ಹಿಂಗ ಮನ್ಯಾಗ ಮಕ್ಕಳನ್ನ ನೋಡ್ಕೊಳ್ಳೋರು ಭಾಳ ಮಂದಿ, ಸೂಟ್ಯಾಗ ಮಗು ಬರದಿದ್ರೂ ಜಾಗಾ ಉಳಿಸಿಡಾಕ ಅರ್ಧ ಫೀಸು ತಗೊಳ್ತಾರ, ರಿಟೇನರ್ ಅಂತಾರ ಅದಕ್ಕ. ಆದ್ರ ಅದನ್ನ ಮೊದಲ ಕರಾರಿನಾಗ ಬರದಿರತಾರ, ನಿಮ್ಮಲ್ಲಿ ಕಮ್ಮಿ ಬಿದ್ದಿದ್ದು ಅದೊಂದ.

ನಮ್ಮಲ್ಲೂ 1872ರ ಕರಾರು ಕಾಯ್ದೆ ಪ್ರಕಾರ ಬಾಯಿಮಾತಿನ ಒಪ್ಪಂದನೂ ನಡೀತೈತಿ, ಆದ್ರ ಏನು ಮಾತಾಗಿತ್ತು ಅಂತ ತೋರಸೋದು ಕಷ್ಟ, ಅದಕ್ಕ ವಾಟ್ಸಾಪ್‌ನ್ಯಾಗ ಕಳಸಿ "ಒಪ್ಪಿಗಿ" ಅಂತ ಉತ್ತರ ತಗೊಂಡು ಇಟ್ಕೋರಿ. ಅದೇ ಕಾಯ್ದೆಯ 74ನೇ ಕಲಂ ಪ್ರಕಾರ ಮಾತು ತಪ್ಪಿದವ್ರಿಂದ ತಗೊಳ್ಳೋ ರೊಕ್ಕ ನ್ಯಾಯವಾದ ಪರಿಹಾರ ಇರಬೇಕು, ಬರೆದಿಟ್ಟ ಮೊತ್ತಕ್ಕಿಂತ ಜಾಸ್ತಿ ಆಗಬಾರದು. ಅಂದ್ರ ಆ ಜಾಗಾಕ್ಕ ಬ್ಯಾರೆ ಮಗು ಸಿಕ್ತು ಅಂದ್ರ ರೊಕ್ಕ ವಾಪಸ್ ಕೊಟ್ಟುಬಿಡ್ರಿ, ಎರಡೂ ಕಡೆ ತಗೊಳ್ಳೋದು ಬ್ಯಾಡ.

ನಾನಾದ್ರ ಹಿಂಗ ಮಾಡ್ತಿದ್ದೆ. ಹತ್ತು ದಿನ ಹೇಳಿಟ್ರ 3000 ಆತು, ಅದರಾಗ ಅರ್ಧ, 1500, ಹೇಳಿಡುವಾಗನ ಮುಂಗಡ. ಸೂಟಿ ಶುರು ಆಗೋಕ ಹತ್ತು ದಿನ ಮೊದಲ ಬ್ಯಾಡ ಅಂದ್ರ ಪೂರಾ ವಾಪಸ್, ಅದಾದ ಮ್ಯಾಲೆ ಅಂದ್ರ ಮುಂಗಡ ನಿಮ್ದು. ದಿನ ಬದಲಿ ಮಾಡೋರಿಗೆ ಒಂದು ಸಲ ಬಿಟ್ಟುಕೊಡ್ರಿ, ಹಿಂದಿನ ಶನಿವಾರದೊಳಗ ಹೇಳಿದ್ರ ಮತ್ತ ಆ ದಿನ ಜಾಗಾ ಖಾಲಿ ಇದ್ರ ಅಷ್ಟ. ಮಗುಗ ಜ್ವರ ಬಂದ್ರ ಅರ್ಧ ಬಿಡ್ರಿ, ನಿಮಗ ಆರಾಮ ಇಲ್ದ ನೀವ ಬಾಗಲ ಹಾಕಿದ್ರ ಆ ದಿನದ ರೊಕ್ಕ ಪೂರಾ ವಾಪಸ್, ಇದರಾಗ ಮುಲಾಜು ಬ್ಯಾಡ.

ಇನ್ನ ಸರಕಾರನ ತಾರೀಖು ಬದಲ್ ಮಾಡಿದ್ರ? ಅದೇ 2025ರ ದಸರಾದಾಗ ಸಮೀಕ್ಷಾ ಕೆಲಸಕ್ಕ ಮಾಸ್ತರಗೋಳು ಬೇಕಂತ ಸರಕಾರಿ ಮತ್ತ ಅನುದಾನಿತ ಸಾಲಿಗಳ ಸೂಟಿ ಅಕ್ಟೋಬರ್ 18ರ ತನಕ ಮುಂದ ಹೋತು, ತಂದಿತಾಯಿ ಎಲ್ಲಾ ಪರದಾಡಿದ್ರು. ಮಳಿಗಾಲದಾಗ ಬೆಳಗಾವಿ, ಖಾನಾಪುರ ಕಡೆ ಜಿಲ್ಲಾಧಿಕಾರಿ ಒಮ್ಮೆಲೆ ರಜಾ ಕೊಡೋದೂ ಐತಿ. ಹಂತಾದಕ್ಕ ಯಾರದೂ ತಪ್ಪಿಲ್ಲ, ಮುಂಗಡ ಹಿಡೀಬ್ಯಾಡ್ರಿ, ಬಂದ ದಿನದ್ದ ಲೆಕ್ಕ ಮಾಡ್ರಿ, ಜಾಸ್ತಿ ದಿನಕ್ಕ ಮೊದಲ ಹೇಳಿಟ್ಟವ್ರನ್ನ ಮೊದಲ ಕೇಳ್ರಿ.

ಹೋದ ದಸರಾದ ರೊಕ್ಕ ಪೂರಾ ಕೇಳೋದು ಕಷ್ಟ ಐತ್ರಿ, ಮೊದಲ ಹೇಳಿರಲಿಲ್ಲಲ್ಲ. ಸಹಾಯದಾಕಿಗೆ ಕೊಟ್ಟ ಪಗಾರದಾಗ ಅವ್ರವ್ರ ಪಾಲು ಇಷ್ಟು ಅಂತ ಹೇಳಿ ಒಂದು ಸಲ ಕೇಳಿ ನೋಡ್ರಿ, ಕೊಡದಿದ್ರ ಬಿಟ್ಟುಬಿಡ್ರಿ. ಏಪ್ರಿಲ್‌ದಾಗ ಬೇಸಿಗಿ ಸೂಟಿ ಬರತೈತಿ, ಮಾರ್ಚ್ ಮೊದಲನೇ ವಾರನ ಎಲ್ಲಾರಿಗೂ ಇಷ್ಟು ಬರೆದು ಕಳಸ್ರಿ: "ಸೂಟ್ಯಾಗ ಜಾಗಾ ಆರ ಅದಾವ, ಅರ್ಧ ಮುಂಗಡ ಕೊಟ್ಟವ್ರ ಹೆಸರು ಬರ್ಕೊಳ್ತೀನಿ, ಸೂಟಿ ಶುರು ಆಗೋಕ ಹತ್ತು ದಿನದೊಳಗ ಬ್ಯಾಡ ಅಂದ್ರ ಮುಂಗಡ ವಾಪಸ್ ಇಲ್ಲ, ಆ ಜಾಗಾಕ್ಕ ಬ್ಯಾರೆಯವ್ರು ಬಂದ್ರ ವಾಪಸ್ ಕೊಡ್ತೀನಿ."