ನರಕ್ಕೆಂದು ನುಂಗುವ ವಿಟಮಿನ್ ಮಾತ್ರೆಯಿಂದಲೇ ಕಾಲು ಜೋಮು ಹಿಡಿಯಬಹುದೇ?

ಬದಿಯಡ್ಕದಿಂದ ಕೇಳಿದ್ದೀರಿ: ಅಮ್ಮ ಬಹಳ ಕಾಲದಿಂದ ‘ನರದ ಮಾತ್ರೆ’ ತೆಗೆದುಕೊಳ್ಳುತ್ತಿದ್ದಾರೆ, ಪಾದದ ಜೋಮು ಮಾತ್ರ ಹೆಚ್ಚುತ್ತಿದೆ, ಮಾತ್ರೆಯೇ ಕಾರಣವೇ ಎಂದು. ಆಗಿರಬಹುದು.

ಮಾತ್ರೆಯ ಹಾಳೆ ತಿರುಗಿಸಿ ಹಿಂದಿನ ಸಣ್ಣಕ್ಷರ ಓದಿ. ಪೈರಿಡಾಕ್ಸಿನ್ ಎಂದಿದ್ದರೆ ಅದು ಬಿ6. ದಿನಕ್ಕೆ ಬೇಕಾದದ್ದು ಸುಮಾರು 2 ಮಿಲಿಗ್ರಾಂ. ಮೀನು, ಬಾಳೆಹಣ್ಣು, ಕಡಲೆಯಲ್ಲೇ ಸಿಗುತ್ತದೆ. ಮಿತಿಮೀರಿದರೆ ಸ್ಪರ್ಶ ತಿಳಿಸುವ ನರಗಳೇ ಕೆಡುತ್ತವೆ: ಪಾದ, ಬೆರಳು ಮರಗಟ್ಟುತ್ತವೆ, ಕತ್ತಲಲ್ಲಿ ಅಂಗಳಕ್ಕಿಳಿದರೆ ಹೆಜ್ಜೆ ತಪ್ಪುತ್ತದೆ. 1983ರಲ್ಲಿ ವರದಿಯಾದದ್ದು ದಿನಕ್ಕೆ ಗ್ರಾಂಗಟ್ಟಲೆ ತಿಂದವರಲ್ಲಿ. ಆಮೇಲೆ ಕಡಿಮೆ ಪ್ರಮಾಣದಲ್ಲೂ ಕಂಡುಬಂತು. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2023ರಲ್ಲಿ ಮೇಲ್ಮಿತಿಯನ್ನು 12 ಮಿಲಿಗ್ರಾಂಗೆ ಇಳಿಸಿತು. ನರಕ್ಕೊಂದು, ಶಕ್ತಿಗೊಂದು, ಕೂದಲಿಗೊಂದು ಅಂತ ಮೂರು ಮಾತ್ರೆ ನುಂಗಿದರೆ ಮೂರರಲ್ಲೂ ಬಿ6 ಇರಬಹುದು, ಕೂಡಿಸಿ ನೋಡಿ.

ಆದರೆ ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಲ್ಲಿ, ಶುದ್ಧ ಸಸ್ಯಾಹಾರಿಗಳಲ್ಲಿ ಬಿ12 ಕೊರತೆಯಿಂದಲೂ ಇದೇ ಜೋಮು ಬರುತ್ತದೆ. ಸಕ್ಕರೆ ಕಾಯಿಲೆಯೂ ಕಾರಣವಾಗಬಹುದು. ಸತು ಅತಿಯಾದರೆ ತಾಮ್ರ ಕಡಿಮೆಯಾಗಿ ಬೆನ್ನುಹುರಿಗೇ ಪೆಟ್ಟು; ಕ್ಯಾಲ್ಸಿಯಂ, ಮೆಗ್ನೀಸಿಯಂ ಇಳಿದರೆ ಸ್ನಾಯು ಸೆಳೆತ, ತುಟಿಯ ಸುತ್ತ ಚುಮುಚುಮು. ಹಾಗಾಗಿ ಊಹೆ ಬಿಟ್ಟು ರಕ್ತಪರೀಕ್ಷೆ ಮಾಡಿಸಿ, ಎಲ್ಲ ಮಾತ್ರೆಗಳನ್ನೂ ಡಾಕ್ಟರಿಗೆ ತೋರಿಸಿ. ಕ್ಷಯಕ್ಕೆ ಐಸೋನಿಯಾಜಿಡ್ ಜೊತೆ ಕೊಟ್ಟ ಬಿ6 ಆಗಿದ್ದರೆ ಮಾತ್ರ ನೀವಾಗಿ ನಿಲ್ಲಿಸಬೇಡಿ. ಬಿ6 ನಿಲ್ಲಿಸಿದ ಮೇಲೂ ಕೆಲವು ವಾರ ಜೋಮು ಹೆಚ್ಚಾಗುವುದುಂಟು. ಇಳಿಯಲು ತಿಂಗಳುಗಳೇ ಬೇಕು, ಕೆಲವರಲ್ಲಿ ಪೂರ್ತಿ ಹೋಗುವುದಿಲ್ಲ.